ಅದು ಬುಧವಾರ

ಪ್ರೀತಿಯ ತಮ್ಮ,

ನಿನ್ನ ಲೇಖನ ಎರಡು ಸಲ ಓದಿದೆ. ಮುಂಬೈ ದಾಳಿಯಾದಾಗ ನೀನು ಒಂದನೇ ಕ್ಲಾಸಿನ ಹುಡುಗ. ಆದರೂ ಅದು ನಿನ್ನನ್ನು ಬಿಟ್ಟಿಲ್ಲ ಅನ್ನೋದು ಓದುವಾಗ ಗೊತ್ತಾಗುತ್ತದೆ. ಆದರೆ ‘ಅಂದು ಇಡೀ ದೇಶ ಬೆಚ್ಚಿಬಿತ್ತು’ ಅನ್ನುವ ಮೊದಲ ಸಾಲನ್ನು ಹೊಡೆದುಹಾಕು. ದೇಶ ಬೆಚ್ಚಿದ್ದನ್ನು ನೀನು ನೋಡಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಟಿವಿ ಮುಂದೆ ನಿಂತೇಬಿಟ್ಟ ಅಮ್ಮನನ್ನು ನೋಡಿದ್ದೀಯ. ಆ ಸಾಲು ಮೂರನೇ ಪುಟದ ಮೂಲೆಯಲ್ಲಿ ಬಿದ್ದಿದೆ. ಅಲ್ಲಿಂದ ಶುರು ಮಾಡು.

2008ರ ನವೆಂಬರ್ 26 ಯಾವ ವಾರ, ಹೇಳು ನೋಡೋಣ. ತಾರೀಕು ಎಲ್ಲರಿಗೂ ಬಾಯಿಪಾಠ, ವಾರ ಯಾರಿಗೂ ನೆನಪಿಲ್ಲ. ಅದು ಬುಧವಾರ. ರಾತ್ರಿ ಒಂಬತ್ತೂವರೆಯವರೆಗೆ ಅದು ಬರೀ ಬುಧವಾರ. ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಜನ ಚೀಲ, ಗಂಟು ಇಟ್ಟುಕೊಂಡು ಊರಿನ ರೈಲಿಗೆ ಕಾಯುತ್ತಿದ್ದರು. ಆಮೇಲೆ ಆ ಬುಧವಾರ ಹೋಗಿ ತಾರೀಕು ಮಾತ್ರ ಉಳಿಯಿತು. ನೀನು ಬರೆಯುವಾಗ ಆ ಬುಧವಾರವನ್ನು ವಾಪಸ್ ತರಬೇಕು.

ತಾರೀಕು ಹೆಸರಾದರೆ ಜಾಸ್ತಿ ನುಂಗುತ್ತದೆ, ನೋಡು. ಅಮೆರಿಕದವರು ‘9/11’ ಅಂದರು, ನಾವು ‘26/11’ ಅಂದೆವು. ಆದರೆ ಆ ದಾಳಿ ಮುಗಿದದ್ದು 29ರ ಬೆಳಿಗ್ಗೆ. 166 ಜನ ಸತ್ತರು, ಎಲ್ಲರೂ ಒಂದೇ ದಿನ ಅಲ್ಲ. ತಾಜ್ ಹೋಟೆಲ್‌ನಲ್ಲಿ ಹೋರಾಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತೀರಿಕೊಂಡದ್ದು 28ರಂದು. ದೇಶದ ತಾರೀಕೇ ಬೇರೆ, ಒಂದೊಂದು ಮನೆಯ ತಾರೀಕೇ ಬೇರೆ. ಈ ಎರಡು ದಿನದ ಅಂತರದ ಬಗ್ಗೆ ನಿನ್ನ ಲೇಖನದಲ್ಲಿ ಒಂದು ಮಾತೂ ಇಲ್ಲ, ಅಲ್ವಾ?

ಜನವರಿ 30 ಕೂಡ ಹಾಗೇ. ಗಾಂಧೀಜಿಗೆ ಗುಂಡು ಬಿದ್ದದ್ದು ಸಂಜೆ ಐದು ದಾಟಿದ ಮೇಲೆ, ಪ್ರಾರ್ಥನೆಗೆ ಹೊರಟಾಗ. ನಾವು ಎರಡು ನಿಮಿಷ ಮೌನವಾಗಿ ನಿಲ್ಲುವುದು ಬೆಳಿಗ್ಗೆ ಹನ್ನೊಂದಕ್ಕೆ. ನಾನು ಶಾಲೆಯಲ್ಲಿ ಎಷ್ಟೋ ವರ್ಷ ಹಾಗೆ ನಿಂತಿದ್ದೇನೆ. ಆ ಸಾವು ಸಂಜೆಯ ಹೊತ್ತಿನದು ಅಂತ ನನ್ನ ಮನಸ್ಸಿಗೆ ಹತ್ತಿದ್ದು ತುಂಬಾ ತಡವಾಗಿ. ಅವತ್ತಿನಿಂದ ಆ ದಿನ ಸಂಜೆ ಐದರ ಹೊತ್ತಿಗೆ ಕೈಯಲ್ಲಿದ್ದ ಕೆಲಸ ತಾನಾಗಿ ನಿಲ್ಲುತ್ತದೆ.

ಇನ್ನೊಂದು ಮಾತು. ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೋ. ಇಂಥ ದಿನದ ನೆನಪು ಕನ್ನಡಿಯಷ್ಟು ಸ್ಪಷ್ಟವಾಗಿರುತ್ತದೆ. ಹಾಗಂತ ಅದು ನಿಜವೇ ಆಗಿರಬೇಕು ಅಂತೇನಿಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಆಕಾಶದಲ್ಲೇ ಛಿದ್ರವಾಗಿ ಏಳು ಜನ ಸತ್ತರು. ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಮರುದಿನವೇ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ ಕೇಳಿದಿರಿ, ಹೇಗೆ ಕೇಳಿದಿರಿ ಅಂತ ಬರೆಸಿಕೊಂಡರು. ಎರಡೂವರೆ ವರ್ಷದ ಮೇಲೆ ಅವರಲ್ಲಿ ಕೆಲವರನ್ನು ಮತ್ತೆ ಕೇಳಿದರು. ಎಷ್ಟೋ ಜನರ ಉತ್ತರ ಬದಲಾಗಿತ್ತು, ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ನನಗೂ ಹೀಗೇ ಆಗಿದೆ. ಆ ರಾತ್ರಿ ನಾನು, ನನ್ನ ಅಣ್ಣ ಒಟ್ಟಿಗೆ ಕೂತು ತಾಜ್‌ನ ಗುಮ್ಮಟದಿಂದ ಹೊಗೆ ಏಳುವುದನ್ನು ನೋಡಿದೆವು ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಒಂದು ಸಲ ಭಾಷಣದಲ್ಲೂ ಹೇಳಿದೆ. ಆಮೇಲೆ ಹಳೆಯ ಡೈರಿ ಸಿಕ್ಕಿತು. ‘ತಲೆನೋವು, ಬೇಗ ಮಲಗಿದೆ’ ಅಂತ ಬರೆದಿದ್ದೆ. ಅಣ್ಣ ಆ ವಾರ ಊರಲ್ಲೇ ಇರಲಿಲ್ಲ. ಹೊಗೆ ನೋಡಿದ್ದು ಮರುದಿನ, ಒಬ್ಬನೇ. ತುಂಬಾ ಬೇಜಾರಾಯಿತು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಅಷ್ಟು ದೊಡ್ಡ ದುಃಖದ ಹತ್ತಿರ ಒಬ್ಬನೇ ಇರಲು ಆಗದೆ ಮನಸ್ಸು ಅಣ್ಣನನ್ನು ಕರೆತಂದು ಪಕ್ಕದಲ್ಲಿ ಕೂರಿಸಿತ್ತು ಅಂತ ಈಗ ಅನಿಸುತ್ತದೆ. ನೆನಪು ತಪ್ಪಿದ ಜಾಗವೂ ಬರೆಯುವವನಿಗೆ ಬೇಕಾದ ಜಾಗವೇ. ಮುಚ್ಚಿಡಬೇಡ.

ನನಗೆ ಪರಿಚಯದ ಹುಡುಗಿಯೊಬ್ಬಳು ಹುಟ್ಟಿದ್ದು ನವೆಂಬರ್ 26ಕ್ಕೆ, ದಾಳಿಗೆ ಎಷ್ಟೋ ವರ್ಷ ಮೊದಲು. ಅರ್ಜಿ ತುಂಬಿಸುವಾಗ ಹುಟ್ಟಿದ ದಿನ ಹೇಳಿದರೆ ಎದುರಿಗಿದ್ದವರು ಪೆನ್ನು ನಿಲ್ಲಿಸಿ ಒಮ್ಮೆ ಮುಖ ನೋಡುತ್ತಾರಂತೆ. ಅವರು ಏನೂ ಹೇಳುವುದಿಲ್ಲ. 1949ರಲ್ಲಿ ನಮ್ಮ ಸಂವಿಧಾನವನ್ನು ಅಂಗೀಕರಿಸಿದ್ದೂ ಅದೇ ದಿನ, ಆದರೆ ಅದಕ್ಕಾಗಿ ಯಾರೂ ಹಾಗೆ ನೋಡಿಲ್ಲ ಅಂತ ಅವಳು ಹೇಳಿದಳು. ಇಂಥ ಒಂದು ಕ್ಷಣ ನಿನಗೂ ಎಲ್ಲೋ ಸಿಕ್ಕಿರಬಹುದು, ಹುಡುಕು.

ಈ ಭಾನುವಾರ ಅಮ್ಮನ ಹತ್ತಿರ ಕೂತು ಆ ರಾತ್ರಿ ಬಗ್ಗೆ ಕೇಳು. ನಿನ್ನ ನೆನಪನ್ನು ಮೊದಲೇ ಹೇಳಬೇಡ, ಅವರದ್ದು ಅದಕ್ಕೆ ಅಂಟಿಕೊಂಡುಬಿಡುತ್ತದೆ. ಮಧ್ಯೆ ಬಾಯಿ ಹಾಕದೆ ಕೇಳು. ಅವರು ಟಿವಿ ಮುಂದೆ ನಿಂತಿರಲೇ ಇಲ್ಲ ಅಂದರೂ ವಾದ ಮಾಡಬೇಡ. ಇಬ್ಬರ ಮಾತನ್ನೂ ಹಾಗೇ ಬರೆದು ಕಳಿಸು.

ಕಾಯುತ್ತಿರುತ್ತೇನೆ.

ನಿನ್ನ ಅಣ್ಣ