ಸೈನಿಕ ಹುಳು ಎಲ್ಲಿಂದ ಬಂತು? ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರೇ,

ಭಾರತದಲ್ಲಿ ಫಾಲ್ ಸೈನಿಕ ಹುಳು ಮೊದಲು ವರದಿಯಾದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ, 2018ರಲ್ಲಿ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಂಡಿತ್ತು. ಅಲ್ಲಿಂದ ಗಾಳಿ ಹಿಡಿದು ಬಂತು ಎಂದೇ ಬಹಳ ಜನ ನಂಬಿದರು. ಆದರೆ ಹುಳು ಕಂಡ ದಿನವೇ ಬಂದ ದಿನವಲ್ಲ. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳ ಹುಳುಗಳ ಇಡೀ ಜೀನೋಮ್ (ಡಿಎನ್‌ಎಯ ಪೂರ್ಣ ಬರಹ) ಹೋಲಿಸಿದ ಅಧ್ಯಯನಗಳು ಅದು ಒಂದಕ್ಕಿಂತ ಹೆಚ್ಚು ಸಲ ಹೊಸದಾಗಿ ಒಳಬಂದಿರುವುದನ್ನು ಸೂಚಿಸಿವೆ. ಹಾಗಿದ್ದರೆ ಗಾಳಿಯನ್ನು ದೂರಿ ಸುಮ್ಮನಿರಲಾಗದು, ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಬಿಗಿಯಾಗಬೇಕು.

ನಮ್ಮ ಕೋರಿಕೆ ಇಷ್ಟೇ. ಪ್ರತಿ ಹಂಗಾಮಿನಲ್ಲೂ ಮೆಕ್ಕೆಜೋಳದ ಜಿಲ್ಲೆಗಳಿಂದ ಹುಳು ಸಂಗ್ರಹಿಸಿ, ಡಿಎನ್‌ಎ ಕೆಡದಂತೆ ಕಾಪಿಡುವ ವ್ಯವಸ್ಥೆ ಮಾಡಿ.

ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ ಈ ಕೆಲಸ ಮಾಡಬಲ್ಲರು. ಆದರೆ ಎಡವಟ್ಟಾಗುವುದೂ ಇಲ್ಲೇ. ಒಂದು ಗಿಡದ ಸುಳಿಯಿಂದ ಒಂದೇ ಹುಳು ತೆಗೆಯಬೇಕು, ಮುಂದಿನದನ್ನು ದೂರದ ಸಾಲಿನಿಂದ. ಅಕ್ಕಪಕ್ಕದವು ಒಂದೇ ಮೊಟ್ಟೆಗುಂಪಿನವಾಗಿದ್ದರೆ 20 ಹುಳು ಪರೀಕ್ಷಿಸಿದರೂ ಗೊತ್ತಾಗುವುದು ಒಂದೇ ತಾಯಿಯ ವಿಷಯ. ಒಂದು ಸೀಸೆಗೆ ಒಂದೇ ಹುಳು. ಇವು ಒಂದನ್ನೊಂದು ತಿನ್ನುತ್ತವೆ, ತಿಂದ ಹುಳುವಿನ ಡಿಎನ್‌ಎ ಫಲಿತಾಂಶಕ್ಕೆ ಬೆರೆಯುತ್ತದೆ. ಪ್ರಯೋಗಾಲಯದಲ್ಲೂ ಕರುಳಿನ ಭಾಗ ಬಿಟ್ಟು ತಲೆಯನ್ನು ಬಳಸುವುದು ಒಳಿತು. ಸೀಸೆಗೆ ತುಂಬುವ ಎಥನಾಲ್ (ಮದ್ಯಸಾರ) ಶೇ 95ಕ್ಕೆ ಕಡಿಮೆ ಇರಬಾರದು, ಹುಳುವಿನ ಗಾತ್ರದ ಹತ್ತರಷ್ಟಾದರೂ ಇರಬೇಕು. ಬಲಿತ ಹುಳುವಿನ ಮೈನೀರು ಅದನ್ನು ತೆಳುವಾಗಿಸುವುದರಿಂದ ಮರುದಿನ ಚೆಲ್ಲಿ ಹೊಸದನ್ನು ತುಂಬಬೇಕು. ಫಾರ್ಮಲಿನ್ ಬೇಡವೇ ಬೇಡ, ಅದರಲ್ಲಿ ಡಿಎನ್‌ಎ ತುಂಡಾಗುತ್ತದೆ. ಊರು, ದಿನಾಂಕ, ಬೆಳೆಯ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯೊಳಗೇ ಹಾಕಬೇಕು. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ. ಊರಿನ ಹೆಸರಿಲ್ಲದ ಹುಳುವಿನಿಂದ ಜಾಡು ಹಿಡಿಯಲಾಗದು. ಹೆಣ್ಣಿನ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಯಲ್ಲಿ ವಾರಗಟ್ಟಲೆ ಒಣಗಿದ ಪತಂಗಗಳನ್ನು ನೆಚ್ಚಬೇಡಿ, ಅವುಗಳ ಡಿಎನ್‌ಎ ಕೆಟ್ಟಿರುತ್ತದೆ.

ಇನ್ನು ಪರೀಕ್ಷೆ. ಸಾಮಾನ್ಯವಾಗಿ ಓದುವುದು ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಸಿಒಐ ಎಂಬ ವಂಶವಾಹಿಯ ಸುಮಾರು 658 ಡಿಎನ್‌ಎ ಅಕ್ಷರಗಳನ್ನು. ಇದು ಯಾವ ಹುಳು ಎಂದು ಹೇಳಲು ಅಷ್ಟು ಸಾಕು, ಎಲ್ಲಿಂದ ಬಂತೆಂದು ಹೇಳಲು ಸಾಲದು. ಸಿಒಐ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಈ ಹುಳುವಿನ ಎರಡು ಪಂಗಡಗಳಾದ ಭತ್ತದ ಪಂಗಡ ಮತ್ತು ಮೆಕ್ಕೆಜೋಳದ ಪಂಗಡ ಕೂಡಿ ಹುಟ್ಟಿದ ಮಿಶ್ರ ಹುಳು ಅದರಲ್ಲಿ ಕಾಣುವುದಿಲ್ಲ. ಸಿಒಐ ಪ್ರಕಾರ ಭತ್ತದ ಪಂಗಡವೆನಿಸಿದ ನಮ್ಮ ಎಷ್ಟೋ ಹುಳುಗಳು ಲಿಂಗ ನಿರ್ಧರಿಸುವ ಝಡ್ ಕ್ರೋಮೊಸೋಮಿನ ಟಿಪಿಐ ಎಂಬ ವಂಶವಾಹಿಯಲ್ಲಿ ಮೆಕ್ಕೆಜೋಳದ ಪಂಗಡ. ಸಿಒಐ ಒಂದನ್ನೇ ನೋಡಿ ಭತ್ತದ ರೈತರನ್ನು ಹೆದರಿಸುವುದು ಅನ್ಯಾಯ. ಎರಡನ್ನೂ ಓದಿಸಿ. ಪ್ರತಿ ಜಿಲ್ಲೆಯ ಕೆಲವು ಹುಳುಗಳ ಇಡೀ ಜೀನೋಮ್ ಓದಿಸಿದರೆ ಬಂದ ದಾರಿಯ ಜೊತೆಗೆ, ಕ್ಲೋರಾಂಟ್ರಾನಿಲಿಪ್ರೋಲ್‌ನಂಥ ಔಷಧಿಗೆ ಬಗ್ಗದ ಗುಣವನ್ನು ತರುವ ರೂಪಾಂತರಗಳಿವೆಯೇ ಎಂಬುದೂ ತಿಳಿಯುತ್ತದೆ. ರೈತರ ಜೇಬಿಗೆ ನೇರವಾಗಿ ತಟ್ಟುವ ಮಾಹಿತಿ ಅದೇ.

ಮಾದರಿಗಳನ್ನು ಮೈನಸ್ 20 ಡಿಗ್ರಿಯಲ್ಲಿ ಇಡಲು ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೂ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊಗೂ ಜಂಟಿಯಾಗಿ ಹೊಣೆ ವಹಿಸಬಹುದು. ಎಥನಾಲ್ ಖರೀದಿಗೆ ಅಬಕಾರಿ ಅನುಮತಿ ಬೇಕಾಗುವುದರಿಂದ ಕಡತ ಈಗಲೇ ಹೊರಡಬೇಕು. ಮುಂಗಾರಿನ ಬಿತ್ತನೆಯಾದ ಎರಡು ಮೂರು ವಾರಕ್ಕೇ ಹುಳು ಸುಳಿ ಸೇರುತ್ತದೆ. ಸೀಸೆಗಳು ಅದಕ್ಕೆ ಮೊದಲು ಕೇಂದ್ರಗಳಲ್ಲಿರುವಂತೆ ಆದೇಶಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಇತಿ,
ರಾಜ್ಯದ ಕೆಲವು ಕೀಟಶಾಸ್ತ್ರಜ್ಞರು