ಠಾಣೆಗೆ ಕೊಟ್ಟ ಬಂದೂಕಿಗೆ ತುಕ್ಕು

ಸಂಪಾದಕರಿಗೆ ನಮಸ್ಕಾರ.

ಚುನಾವಣೆ ಬಂತೆಂದರೆ ಲೈಸನ್ಸ್ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಿ ಬರುತ್ತೇವೆ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಅದನ್ನು ಅಲ್ಲಿ ಇಡುವ ರೀತಿಯ ಬಗ್ಗೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹನ್ನೆರಡು ಬೋರಿನ (ಬೋರ್ ಅಂದರೆ ನಳಿಗೆಯ ಒಳಗಾತ್ರದ ಅಳತೆ) ಬ್ರೌನಿಂಗ್ ಸೂಪರ್‌ಪೋಸ್ಡ್ ಬಂದೂಕು ಇದೆ. ಊರ ಕಡೆಯ ಜೋಡು ನಳಿಗೆ ಬಂದೂಕುಗಳಲ್ಲಿ ನಳಿಗೆಗಳು ಅಕ್ಕಪಕ್ಕ ಇರುತ್ತವೆ. ಇದರಲ್ಲಿ ಒಂದರ ಮೇಲೊಂದು. ಗುರಿ ಹಿಡಿದಾಗ ಕಣ್ಣಿಗೆ ಒಂದೇ ನಳಿಗೆ ಕಾಣುತ್ತದೆ, ಅದೇ ಇದರ ಸುಖ ಎನ್ನುತ್ತಿದ್ದ ಅಜ್ಜ. 1954ರಲ್ಲಿ ಬಾಂಬೆಯಿಂದ ತಂದದ್ದು. ಆಗ ನಮ್ಮ ಬೆಳಗಾವಿಯೂ ಬಾಂಬೆ ರಾಜ್ಯದಲ್ಲೇ ಇತ್ತಲ್ಲ.

ಅಮೆರಿಕದ ಜಾನ್ ಬ್ರೌನಿಂಗ್ ಕೊನೆಯದಾಗಿ ರೂಪಿಸಿದ ಬಂದೂಕು ಇದು. 1926ರಲ್ಲಿ ಆತ ಬೆಲ್ಜಿಯಂನ ಲೀಜ್ ಬಳಿಯ ಕಾರ್ಖಾನೆಯಲ್ಲೇ ತೀರಿಕೊಂಡ. ಮಗ ವ್ಯಾಲ್ ಉಳಿದ ಕೆಲಸ ಮುಗಿಸಿದ. 1931ರಲ್ಲಿ ಮಾರಾಟಕ್ಕೆ ಬಂತು. ಉಕ್ಕಿನ ಮೇಲಿನ ಬಳ್ಳಿಗಳೆಲ್ಲ ಕೈಕೆತ್ತನೆ. ಭೂತಗನ್ನಡಿ ಹಿಡಿದರೆ ಎಡಬಲದ ಎಲೆಗಳು ಒಂದೇ ಥರ ಇಲ್ಲ ಅಂತ ಗೊತ್ತಾಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಸುಮ್ನೆ ನೋಡುತ್ತಾ ಕೂತಿರುತ್ತೇನೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಈಗ ಖಂಡೇನವಮಿಗೆ ಮಾತ್ರ ಪೂಜೆಗೆ ಹೊರಬರುತ್ತದೆ. ಕುಂಕುಮವನ್ನು ಬಂದೂಕಿನ ಮರದ ಭಾಗಕ್ಕಷ್ಟೇ ಹಚ್ಚಲು ಬಿಡುತ್ತೇನೆ. ಮನೆಯವಳಿಗೆ ಅದು ಸಿಟ್ಟು.

2024ರ ಲೋಕಸಭೆ ಚುನಾವಣೆಗೆ ಮಾರ್ಚ್‌ನಲ್ಲಿ ಕೊಟ್ಟೆ. ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಬಂದೂಕು ಕೈಗೆ ಬಂದದ್ದು ಜೂನ್ ಮೂರನೇ ವಾರ. ಖಾನಾಪುರದ ಮಳೆ ಗೊತ್ತಲ್ವಾ? ಇಪ್ಪತ್ತು ಬಂದೂಕುಗಳನ್ನು ಕಟ್ಟಿಗೆ ಹೊರೆಯಂತೆ ಹಗ್ಗದಲ್ಲಿ ಬಿಗಿದು ಗೋಡೆಗೆ ಒರಗಿಸಿದ್ದರು. ನಂಬರ್ ಚೀಟಿಯನ್ನು ತಂತಿಯಿಂದ ನಳಿಗೆಗೇ ಸುತ್ತಿದ್ದರು. ತಂತಿ ಇದ್ದಲ್ಲಿ ತುಕ್ಕಿನ ಉಂಗುರ. ಬೆವರುಗೈಯಲ್ಲಿ ಯಾರು ಹಿಡಿದಿದ್ದರೋ, ಬೆರಳ ಗುರುತುಗಳೂ ತುಕ್ಕಾಗಿ ಮೂಡಿದ್ದವು. ಬೇರೆ ಜೋಡು ನಳಿಗೆ ಬಂದೂಕುಗಳಲ್ಲಿ ಸಾಮಾನ್ಯವಾಗಿ ನಳಿಗೆಯ ಕೆಳಗಿನ ಮರ ಕಳಚಿ ಬರುತ್ತದೆ. ಸೂಪರ್‌ಪೋಸ್ಡ್‌ನಲ್ಲಿ ಅದು ಮುಂದಕ್ಕೆ ಸರಿಯುತ್ತದೆ ಅಷ್ಟೇ. ಗೊತ್ತಿಲ್ಲದೆ ಜಗ್ಗಿದ್ದಾರೆ, ಮರದ ತುದಿ ಸೀಳಿದೆ. ಅಲ್ಲಿದ್ದ ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಅವನಿಗೆ ಹೇಳಿಕೊಟ್ಟವರಾದರೂ ಯಾರು?

ನಾನು ಕೇಳುವುದು ಜಾಸ್ತಿ ಏನಲ್ಲ. ಒಂದೊಂದೇ ಬಂದೂಕು ನಿಲ್ಲಿಸಲು ಕಚ್ಚುಗಳಿರುವ ಮರದ ಚೌಕಟ್ಟು ಸಾಕು, ಊರ ಬಡಿಗ ಒಂದು ದಿನದಲ್ಲಿ ಮಾಡಿಕೊಡುತ್ತಾನೆ. ಚೀಟಿಯನ್ನು ಬಂದೂಕಿನ ಕುದುರೆಯ (ಟ್ರಿಗರ್) ಸುತ್ತಲಿನ ಕಾವಲು ಬಳೆಗೆ ನೂಲಿನಿಂದ ಕಟ್ಟಲಿ. ರಸೀದಿಯಲ್ಲಿ ನಂಬರಿನ ಜೊತೆ ಬಂದೂಕು ಯಾವ ಸ್ಥಿತಿಯಲ್ಲಿ ಬಂತು ಅಂತಲೂ ಬರೆಯಲಿ. ಪ್ರೀತಿಯಿಂದ ಚರ್ಮದ ಚೀಲದಲ್ಲಿ ಇಟ್ಟು ಕೊಡುವವರೂ ಇದ್ದಾರೆ, ಹಾಗೆ ಮಾಡಬೇಡಿ. ಚರ್ಮ ತೇವ ಹೀರಿ ಉಕ್ಕಿಗೇ ಕೊಡುತ್ತದೆ. ಇನ್ನು ತಿಂಗಳಿಗೊಮ್ಮೆ ಪೊಲೀಸರ ಎದುರಿಗೇ ಎಣ್ಣೆ ಒರೆಸಲು ನಮ್ಮನ್ನು ಬಿಡಲಿ. ಎಣ್ಣೆ ಬಾಟಲಿ, ಹಳೆ ಧೋತರದ ಬಟ್ಟೆ ನಾನೇ ತರುತ್ತೇನೆ.

– ಒಬ್ಬ ಹಳೆಯ ಓದುಗ, ಖಾನಾಪುರ ತಾಲ್ಲೂಕು, ಬೆಳಗಾವಿ