ತಿಂಗಳೊಪ್ಪತ್ತಿನಲ್ಲಿ ಮರೆತುಹೋಗುವ ಬೆಲೆ?

ಮಾನ್ಯರೇ,

ಬೆಲೆ ಏರಿಕೆಯ ಪೆಟ್ಟು ಬೇಗನೆ ಅಳಿಸಿಹೋಗುತ್ತದೆಂದು ಅಧಿಕಾರಿಯೊಬ್ಬರು ಸಭೆಯಲ್ಲಿ ಲೆಕ್ಕ ತೋರಿಸಿದ ಬಗ್ಗೆ ‘ಬೆಲೆ ಏರಿಕೆ ಬಿಸಿ ತಿಂಗಳೊಪ್ಪತ್ತು ಮಾತ್ರ’ ಎಂಬ ಇಂದಿನ ವರದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನ್ನೆ ಆ ಸಭೆಯಲ್ಲಿ ನಾನೂ ಇದ್ದೆ. ಹತ್ತೂವರೆಗೆಂದು ಕರೆದು ಹನ್ನೆರಡೂಕಾಲಿಗೆ ಶುರು ಮಾಡಿದರು. ಕರೆಂಟ್ ಇಲ್ಲ, ಫ್ಯಾನ್ ಇಲ್ಲ. ರಾಯಚೂರಿನ ಬಿಸಿಲಂತೂ ಹೇಳುವುದೇ ಬೇಡ. ಮಸ್ಕಿ, ಸಿಂಧನೂರಿನಿಂದ ಮುಂಜಾನೆ ಬಸ್ಸಿಗೆ ಬಂದವರಿಗೆ ಕುಡಿಯಲು ನೀರೂ ಇರಲಿಲ್ಲ. ಅಧಿಕಾರಿಯ ಲೆಕ್ಕದ ಹಾಳೆ ಕೇಳಿದರೆ ‘ಹೊರಗೆ ಝೆರಾಕ್ಸ್ ಮಾಡಿಸಿಕೊಳ್ಳಿ’ ಎಂದರು. ಮಾಡಿಸಿದೆ. ಹಾಳೆ ನೋಡಿದ ಮೇಲೆ ಬಿಸಿಲೇ ವಾಸಿ ಎನಿಸಿತು.

ಅದರಲ್ಲಿರುವುದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ, ನೌಕರರ ತುಟ್ಟಿಭತ್ಯೆಗೆ ಆಧಾರವಾದದ್ದು. 2018ರ ಜನವರಿಯಿಂದ 60 ತಿಂಗಳ ಅಂಕಿ. 2020ರ ಸೆಪ್ಟೆಂಬರ್‌ನಲ್ಲಿ ಇದರ ಆಧಾರ ವರ್ಷ (ಸೂಚ್ಯಂಕವನ್ನು 100 ಎಂದು ಹಿಡಿಯುವ ವರ್ಷ) 2001ರಿಂದ 2016ಕ್ಕೆ ಬದಲಾಯಿತು. ಹೊಸ ಅಂಕಿಯನ್ನು 2.88ರಿಂದ ಗುಣಿಸಿದರಷ್ಟೇ ಹಳೆಯದರ ಜೊತೆ ಕೂಡುತ್ತದೆ. ಇವರು ಗುಣಿಸಿಯೇ ಇಲ್ಲ! ಮುನ್ನೂರು ದಾಟಿದ್ದ ಸೂಚ್ಯಂಕ ಒಂದೇ ತಿಂಗಳಲ್ಲಿ 118ಕ್ಕೆ ಬಿದ್ದಿದೆ. ಆ ತಿಂಗಳು ನಮ್ಮ ಗಂಜ್‌ನಲ್ಲಿ ಸೋನಾ ಮಸೂರಿ ಮೂರನೇ ಒಂದು ಪಾಲು ದರಕ್ಕೆ ಸಿಕ್ಕಿತ್ತೇ? ಸಿಕ್ಕಿದ್ದರೆ ನಮಗೂ ಒಂದು ಮಾತು ಹೇಳಬಾರದಿತ್ತೇ?

ತಪ್ಪು ಇಲ್ಲಿಗೇ ನಿಲ್ಲುವುದಿಲ್ಲ. ತಿಂಗಳಿಂದ ತಿಂಗಳಿಗೆ ಆದ ಏರಿಳಿತ ತೆಗೆದಾಗ ಆ ಒಂದು ಸುಳ್ಳು ಕುಸಿತವೇ ಇಡೀ ಲೆಕ್ಕವನ್ನು ನುಂಗುತ್ತದೆ. ಉಳಿದ ತಿಂಗಳುಗಳ ಅರ್ಧ, ಒಂದು ಶೇಕಡಾದ ಏರಿಳಿತ ಅದರ ಮುಂದೆ ಲೆಕ್ಕಕ್ಕೇ ಬಾರದು. ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಇರುವ ನಂಟು ಸೊನ್ನೆಯ ಹತ್ತಿರ ಬರುತ್ತದೆ. ಬಂದ ಸೊನ್ನೆಯನ್ನೇ ಹಿಡಿದು ‘ಬೆಲೆಗೆ ನೆನಪಿಲ್ಲ’, ಅಂದರೆ ಹಳೆಯ ಪೆಟ್ಟು ಮುಂದಿನ ತಿಂಗಳುಗಳಿಗೆ ಉಳಿಯುವುದಿಲ್ಲ ಎಂದು ಭಾಷಣ. ಎಡಿಎಫ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಯೂನಿಟ್ ರೂಟ್ (ಬಿದ್ದ ಪೆಟ್ಟು ಎಂದೂ ಅಳಿಯದ ಗುಣ) ಇಲ್ಲವೆಂದು ಬಂತಂತೆ, ಮುಗಿಯಿತಂತೆ. ಯೂನಿಟ್ ರೂಟ್ ಇಲ್ಲ ಎಂದಾಕ್ಷಣ ನೆನಪು ಗಿಡ್ಡ ಎಂದು ಯಾರು ಹೇಳಿದರು?

ಡ್ಯಾಂ ನೀರು ನಂಬಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ನೀರು ಬೇಸಿಗೆಗೆ ತಳ ಕಾಣುತ್ತದೆ, ಮಳೆಗಾಲಕ್ಕೆ ತುಂಬುತ್ತದೆ. ಇದು ಬೇಗ ಮರೆಯುವ ಸರಣಿ. ಹೂಳು ಬಂದದ್ದು ಹೋಗುವುದಿಲ್ಲ. 133 ಟಿಎಂಸಿ ಡ್ಯಾಂ 105.788ಕ್ಕೆ ಇಳಿದಿದೆ. ಯೂನಿಟ್ ರೂಟ್ ಅಂದರೆ ಈ ಹೂಳು. ಇವೆರಡರ ನಡುವೆ ಮೂರನೆಯದೊಂದಿದೆ: ಮರೆಯುತ್ತದೆ, ಆದರೆ ಬಹಳ ನಿಧಾನ. ನೈಲ್ ನದಿಗೆ ಎಷ್ಟು ದೊಡ್ಡ ಡ್ಯಾಂ ಬೇಕೆಂದು ಲೆಕ್ಕ ಹಾಕುತ್ತಲೇ ಬ್ರಿಟಿಷ್ ಜಲತಜ್ಞ ಹರ್ಸ್ಟ್ ಇದನ್ನು ಕಂಡು 1951ರಲ್ಲಿ ಬರೆದರು. 1980ರಲ್ಲಿ ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ಜುವಾಯೊ, ಮರುವರ್ಷ ಸಂಖ್ಯಾಶಾಸ್ತ್ರಜ್ಞ ಹಾಸ್ಕಿಂಗ್ ಅದಕ್ಕೆ ಸೂತ್ರ ಕೊಟ್ಟರು. ಹಲವು ದೇಶಗಳ ಹಣದುಬ್ಬರದಲ್ಲಿ ಈ ಗುಣ ಕಂಡುಬಂದಿದೆ.

ವ್ಯತ್ಯಾಸ ಎಷ್ಟೆಂದು ನೋಡಿ. ಒಂದು ರೂಪಾಯಿಯ ಪೆಟ್ಟು ಬಿತ್ತೆನ್ನಿ. ಅಧಿಕಾರಿಯ ಮಾದರಿಯಲ್ಲಿ ಗುಣಾಂಕ (ಒಂದು ತಿಂಗಳಿಂದ ಮುಂದಿನದಕ್ಕೆ ಉಳಿಯುವ ಪಾಲು) 0.4 ಇದ್ದರೂ ನಾಲ್ಕನೇ ತಿಂಗಳಿಗೆ ಎರಡೂವರೆ ಪೈಸೆ ಉಳಿಯುತ್ತದೆ, ವರ್ಷಕ್ಕೆ ಏನೂ ಇಲ್ಲ. ದೀರ್ಘ ನೆನಪಿನ ಮಾದರಿಯಲ್ಲಿ ನೆನಪನ್ನು ಅಳೆಯುವ ‘ಡಿ’ ಎಂಬ ಸಂಖ್ಯೆ 0.4 ಇದ್ದರೆ ನಾಲ್ಕನೇ ತಿಂಗಳಿಗೆ 19 ಪೈಸೆ, ವರ್ಷಕ್ಕೆ 10 ಪೈಸೆ, ಐದು ವರ್ಷ ಕಳೆದರೂ ಸುಮಾರು 4 ಪೈಸೆ. ಇದು ಏರಿಕೆಯ ವೇಗದ ಮಾತು. ಬೆಲೆ ಹೂಳಿನಂತೆ ಮೇಲೆಯೇ ಕೂತಿರುತ್ತದೆ. ಹಣದುಬ್ಬರ ಇಳಿದರೆ ಬೆಲೆ ಇಳಿಯಿತು ಎಂದು ಇನ್ನೆಷ್ಟು ವರ್ಷ ಹೇಳುತ್ತೀರಿ?

ಸರಿ ಮಾಡುವುದು ಕಷ್ಟವೇನಲ್ಲ. 2.88 ಗುಣಿಸಿ, ಲಾಗ್ ತೆಗೆದು, ತಿಂಗಳ ವ್ಯತ್ಯಾಸ ಹಿಡಿದು, ತರಕಾರಿ ಹಂಗಾಮಿನ ಏರಿಳಿತ ಕಳೆಯಬೇಕು. ವರ್ಷದಿಂದ ವರ್ಷಕ್ಕೆ ಹೋಲಿಸಿದ ದರ ಬೇಡ; ಅದರಲ್ಲಿ ಹನ್ನೊಂದು ತಿಂಗಳು ಒಂದರ ಮೇಲೊಂದು ಕೂತು ಇಲ್ಲದ ನೆನಪು ಹುಟ್ಟುತ್ತದೆ. ಎಡಿಎಫ್ ಜೊತೆಗೆ ಕೆಪಿಎಸ್‌ಎಸ್ ಎಂಬ ಇನ್ನೊಂದು ಪರೀಕ್ಷೆಯನ್ನೂ ಹಾಕಬೇಕು. ಒಂದು ಯೂನಿಟ್ ರೂಟ್ ಇದೆ ಎಂದು ಹೊರಡುತ್ತದೆ, ಇನ್ನೊಂದು ಇಲ್ಲ ಎಂದು. ಎರಡೂ ತಾವು ಹೊರಟ ಮಾತನ್ನೇ ತಿರಸ್ಕರಿಸಿದರೆ ಆಗ ಡಿ ಅಳೆಯುವ ಕೆಲಸ. ಅದಕ್ಕೆ 60 ತಿಂಗಳು ಸಾಲದು. ಡಿ ಅಳೆಯುವ ಜಿಪಿಎಚ್ ವಿಧಾನದಲ್ಲಿ ತಿಂಗಳುಗಳ ವರ್ಗಮೂಲದಷ್ಟು, ಅಂದರೆ ಏಳೇ ಬಿಂದು ಸಿಗುತ್ತವೆ, ಅಂದಾಜಿನ ದೋಷ 0.24; ಅದರ ಸುಮಾರು ಎರಡರಷ್ಟು ಆಚೀಚೆ ಹಿಡಿಯಬೇಕು. 0.4 ಬಂದರೂ ನಿಜ ಸೊನ್ನೆಯೂ ಇರಬಹುದು, 0.87ವರೆಗೂ ಇರಬಹುದು. ಹಾಗೆಂದು ದೀರ್ಘ ನೆನಪೇ ಸತ್ಯವೆಂದು ನಾನೂ ಪಟ್ಟು ಹಿಡಿಯುವುದಿಲ್ಲ. 2016ರಲ್ಲಿ ಶೇ 4ರ ಹಣದುಬ್ಬರ ಗುರಿ ಬಂದಾಗ ಸರಾಸರಿಯೇ ಸರಿದಿದ್ದರೆ, ಹಳೆಯ ಅಂಕಿ ಸೇರಿಸಿದಾಗ ಆ ಬದಲಾವಣೆಯೂ ನೆನಪಿನ ವೇಷ ಹಾಕಿ ಬರುತ್ತದೆ. ಅದನ್ನು ಮೊದಲು ಬೇರ್ಪಡಿಸಬೇಕು. ದಶಕಗಳ ಅಂಕಿ ಇರುವಾಗ 60 ತಿಂಗಳಿಗೇ ಏಕೆ ನಿಂತರೋ, ಕೇಳಿದರೆ ‘ಮೇಲಿನಿಂದ ಬಂದದ್ದು’.

ಮೇಲಿನಿಂದ ಏನೇನು ಬರುತ್ತದೋ! ಸಭೆ ಕರೆದ ಇದೇ ಕಚೇರಿ ಹಿಂದೊಮ್ಮೆ ಅಂಕಿ ಕೇಳಿದರೆ ಅಡ್ಡಡ್ಡ ಸ್ಕ್ಯಾನ್ ಮಾಡಿದ, ಅರ್ಧ ಅಳಿಸಿದ ಹಾಳೆ ಕೊಟ್ಟಿತ್ತು. ಕಾಲುವೆಯ ಕೊನೆ ಭಾಗದವರ ಅರ್ಜಿಗಳ ಕಥೆಯೂ ಅಷ್ಟೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರೂ ಓಡಿ ಬಂದು ಫೋಟೊ ತೆಗೆಸಿಕೊಂಡರು. ತಿಂಗಳೊಪ್ಪತ್ತಿನ ನೆನಪು ಇರುವುದು ಬೆಲೆಗಲ್ಲ ಬಿಡಿ.

ಆ ಹಾಳೆಯನ್ನು ಹಿಂಪಡೆಯಲಿ, ಇಲ್ಲವೇ ತಿದ್ದಿ ಮತ್ತೆ ಸಭೆ ಕರೆಯಲಿ. ಕರೆದರೆ ಹತ್ತೂವರೆ ಅಂದರೆ ಹತ್ತೂವರೆಗೇ ಶುರುವಾಗಲಿ, ಗುಣಾಕಾರ ಬರುವ ಒಬ್ಬರನ್ನಾದರೂ ಜೊತೆಗೆ ಕರೆತರಲಿ. ಝೆರಾಕ್ಸ್ ದುಡ್ಡು ಯಾರು ಕೊಡುತ್ತಾರೋ ಅದನ್ನೂ ಹೇಳಲಿ.

ನಿಮ್ಮ ಓದುಗ,
ರಾಯಚೂರು